ಲಂಗರು ಎತ್ತಬೇಕಾದ ವಿಂಚು ದೋಣಿಯನ್ನೇ ಎಳೆದಾಗ: ಒಂದು ಪ್ರಕರಣ

ಸಣ್ಣ ದೋಣಿಗಳ ವಿದ್ಯುತ್ ಕೆಲಸ ನನ್ನ ಕಸುಬು. ದೋಣಿ ದಡ ಸೇರಿದ ಮೇಲೆಯೇ ನನ್ನ ಕೆಲಸ ಶುರು. ಹಾಗಾಗಿ ಕಡಲಲ್ಲಿ ಏನಾಯಿತು ಅನ್ನುವುದನ್ನು ಸುಟ್ಟ ತಂತಿ, ಕರಗಿದ ಪ್ಲಾಸ್ಟಿಕ್, ಹಸಿರುಗಟ್ಟಿದ ತಾಮ್ರ ನೋಡಿಯೇ ಓದಿಕೊಳ್ಳಬೇಕು. ಈ ಪ್ರಕರಣದಲ್ಲಿ ಇನ್ನೊಂದು ಸಾಕ್ಷಿಯೂ ಇತ್ತು: ಬಲಗೈಯ ಒಂದು ಕೈಗವಸು. ತೋರುಬೆರಳು, ನಡುಬೆರಳುಗಳ ಜಾಗದಲ್ಲಿ ಅದು ಕಿತ್ತುಹೋಗಿತ್ತು. ತೊಟ್ಟಿದ್ದವರ ಬೆರಳು ಉಳಿದವು. ಅದು ಅದೃಷ್ಟ, ಮತ್ತೇನೂ ಅಲ್ಲ.

ಲಂಗರಿನ ವಿಂಚನ್ನು, ಅಂದರೆ ಲಂಗರಿನ ಹಗ್ಗವನ್ನು ಸುತ್ತಿ ಎಳೆಯುವ ಯಂತ್ರವನ್ನು, ನಾನು ವಿರೋಧಿಸುವವನಲ್ಲ. ದಿನಕ್ಕೆ ಎಂಟು ಹತ್ತು ಸಲ ಕೈಯಿಂದ ಲಂಗರು ಎಳೆದು ಭುಜ, ಸೊಂಟ ಹಾಳು ಮಾಡಿಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಈ ಯಂತ್ರ ಇನ್ನೂ ಹತ್ತು ವರ್ಷದ ದುಡಿಮೆಯನ್ನು ಕೊಡಬಲ್ಲದು. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ದೋಣಿ ಮತ್ತು ಅದರ ಸಲಕರಣೆ

ಆರು ಮೀಟರ್ ಉದ್ದದ ಫೈಬರ್ ದೋಣಿ. ಹಿಂದೆ 40 ಅಶ್ವಶಕ್ತಿಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗೆ ತೂಗುಹಾಕುವ ಎಂಜಿನ್), ಎರಡು ಸ್ಟ್ರೋಕಿನ ಹಳೆಯ ಬಗೆಯದು. ಅಣ್ಣ ತಮ್ಮ ಇಬ್ಬರೇ ಹೋಗುತ್ತಿದ್ದರು. ನೀರಿನೊಳಗಿನ ಬಂಡೆಸಾಲುಗಳ ಅಂಚಿನಲ್ಲಿ ಲಂಗರು ಹಾಕಿ ಕೈಗಾಳದಲ್ಲಿ ಮೀನು ಹಿಡಿಯುವುದು ಅವರ ರೂಢಿ. ಒಂದು ಜಾಗದಲ್ಲಿ ಮೀನು ಕಚ್ಚದಿದ್ದರೆ ಲಂಗರು ಎತ್ತಿ ಇನ್ನೊಂದು ಜಾಗ. ಅಣ್ಣನಿಗೆ ಅರವತ್ತರ ಹತ್ತಿರ, ಭುಜದ ನೋವು ಹಳೆಯದು. ಅವರಿಗಾಗಿಯೇ ವಿಂಚು ಬಂದದ್ದು.

ಅದು ಡ್ರಮ್ ವಿಂಚು. ಅಂದರೆ ಹಗ್ಗವೂ ಸರಪಳಿಯೂ ಒಂದು ಉರುಳೆಯ ಮೇಲೆ ಪೂರ್ತಿ ಸುತ್ತಿಕೊಳ್ಳುವ ಬಗೆ. 12 ವೋಲ್ಟಿನ 800 ವ್ಯಾಟ್ ಮೋಟಾರು, ಅದಕ್ಕೊಂದು ಗೇರ್‌ಬಾಕ್ಸ್, ಮೇಲೆ ಕೆಳಗೆ ತಿರುಗಿಸಲು ಒಂದು ದೊಡ್ಡ ರಿಲೇ (ಚಿಕ್ಕ ಸ್ವಿಚ್ ಒತ್ತಿದಾಗ ದೊಡ್ಡ ಕರೆಂಟನ್ನು ಹರಿಸುವ, ಬಿಟ್ಟಾಗ ಕಡಿಯುವ ವಿದ್ಯುತ್ ಸ್ವಿಚ್), ಚುಕ್ಕಾಣಿಯ ಹತ್ತಿರ ಒಂದು ಸ್ವಿಚ್. ಡ್ರಮ್ಮಿನ ಮೇಲೆ 8 ಮಿ.ಮೀ. ದಪ್ಪದ 80 ಮೀಟರ್ ನೈಲಾನ್ ಹಗ್ಗ, ಅದರ ತುದಿಗೆ 6 ಮಿ.ಮೀ. ಕಡ್ಡಿಯ 8 ಮೀಟರ್ ಸರಪಳಿ, ಕೊನೆಗೆ ಆರೂವರೆ ಕಿಲೋ ಲಂಗರು.

ಬ್ಯಾಟರಿ ಒಂದೇ. ಎಂಜಿನ್ ಸ್ಟಾರ್ಟ್ ಮಾಡುವುದೂ ಅದೇ, ವಿಂಚು ತಿರುಗಿಸುವುದೂ ಅದೇ. ಅದು ದೋಣಿಯ ಹಿಂಭಾಗದಲ್ಲಿ, ವಿಂಚು ಮೂತಿಯಲ್ಲಿ. ನಡುವೆ ಹೋಗಿ ಬರುವ ತಂತಿ ಸೇರಿ 14 ಮೀಟರ್, 16 ಚದರ ಮಿ.ಮೀ. ಕೇಬಲ್. ಮೊದಲು ಹಾಕಿದ್ದು 80 ಆಂಪಿನ ಬ್ರೇಕರ್, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್. ತಯಾರಕರ ಹಾಳೆಯಲ್ಲಿ ಹೇಳಿದ್ದೂ ಅಷ್ಟೇ.

ಮೊದಲ ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಬ್ರೇಕರ್ ಬೀಳತೊಡಗಿತು. ಗಾಳಿ ಇದ್ದ ದಿನ ಹೆಚ್ಚು, ಇಲ್ಲದ ದಿನ ಕಡಿಮೆ. ಬೆಳಗ್ಗೆ ಎಂಜಿನ್ ಸ್ಟಾರ್ಟ್ ಕೂಡ ಮಂದವಾಯಿತು. ಬ್ಯಾಟರಿ ಬಿಚ್ಚಿ ದಡದಲ್ಲಿ ಚಾರ್ಜ್ ಹಾಕಿ ಮತ್ತೆ ಕೂರಿಸುವುದು ಅಭ್ಯಾಸವಾಯಿತು. ಯಾರೋ ಬಲ್ಲವರು ನೋಡಿ, ಬ್ರೇಕರ್ ಚಿಕ್ಕದಾಯಿತು ಎಂದು 150 ಆಂಪಿನದು ಹಾಕಿಕೊಟ್ಟರು. ಬೀಳುವುದು ಅಂದಿಗೆ ನಿಂತಿತು. ಅಣ್ಣ ತಮ್ಮ ಇಬ್ಬರಿಗೂ ಸಮಾಧಾನವಾಯಿತು.

ಆ ಮಧ್ಯಾಹ್ನ

ಎಂಟು ಮಾರು ನೀರು, ಅಂದರೆ ಸುಮಾರು ಹದಿನಾಲ್ಕೂವರೆ ಮೀಟರ್. ಹಗ್ಗ 60 ಮೀಟರ್ ಬಿಟ್ಟಿದ್ದರು. ಗಾಳಿ ಏರುತ್ತಿತ್ತು, ಅಲೆ ಚಿಕ್ಕದಾದರೂ ಒತ್ತೊತ್ತಾಗಿ ಬರುತ್ತಿತ್ತು. ಹೊರಡೋಣ ಎಂದು ತಮ್ಮ ಸ್ವಿಚ್ ಒತ್ತಿದ. ಎಂಜಿನ್ ಸ್ಟಾರ್ಟ್ ಮಾಡಿರಲಿಲ್ಲ. ಎಣ್ಣೆ ಉಳಿಸಲು ಲಂಗರು ಪೂರ್ತಿ ಮೇಲೆ ಬಂದ ನಂತರವೇ ಸ್ಟಾರ್ಟ್ ಮಾಡುವುದು ಅವರ ಪದ್ಧತಿ. ಗಾಳಿಗೆ ಎದುರಾಗಿ ದೋಣಿಯನ್ನು ಲಂಗರಿನ ಮೇಲಕ್ಕೆ ಎಳೆದುಕೊಂಡು ಹೋಗುವ ಕೆಲಸ ಅಷ್ಟೂ ವಿಂಚಿನದ್ದೇ ಆಗಿತ್ತು.

ಅಣ್ಣ ಮೂತಿಯಲ್ಲಿ ಕೂತು ಬಲಗೈಯಿಂದ ಹಗ್ಗವನ್ನು ಆಚೀಚೆ ಸರಿಸುತ್ತಿದ್ದರು. ಡ್ರಮ್ಮು ಮೂತಿಯ ರೋಲರಿಗೆ ನೇರವಾಗಿ ಕೂತಿರಲಿಲ್ಲ, ನಾಲ್ಕು ಬೆರಳಿನಷ್ಟು ಎಡಕ್ಕಿತ್ತು. ಕೈ ಕೊಡದಿದ್ದರೆ ಹಗ್ಗ ಒಂದೇ ಬದಿಗೆ ಗುಡ್ಡೆಯಾಗುತ್ತಿತ್ತು.

ಹಗ್ಗ ನೆಟ್ಟಗಾಯಿತು. ದೋಣಿ ಲಂಗರಿನ ನೇರ ಮೇಲಕ್ಕೆ ಬಂತು. ಲಂಗರು ಬಂಡೆಯ ಸಂದಿನಲ್ಲಿ ಕಚ್ಚಿಕೊಂಡಿತ್ತು. ವಿಂಚಿನ ಸದ್ದು ಇಳಿಯಿತು, ಮೂತಿ ಬಗ್ಗಿತು, ಡ್ರಮ್ಮು ನಿಂತಿತು. ಆಗ ರಿಲೇ ಟಕಟಕ ಎಂದು ಬಡಿದುಕೊಂಡ ಸದ್ದು ತಮ್ಮನಿಗೆ ಸ್ಪಷ್ಟವಾಗಿ ನೆನಪಿದೆ. ಬಳಿಕ ಆ ಸದ್ದೂ ನಿಂತಿತು. ಅವನು ಸ್ವಿಚ್ಚಿನಿಂದ ಕೈ ತೆಗೆದ. ಆದರೂ ಮೋಟಾರಿನ ಗುಂಯ್‌ಗುಡುವಿಕೆ ನಿಲ್ಲಲಿಲ್ಲ.

“ಕೈ ಬಿಡೋ!” ಅಂದರು ಅಣ್ಣ.

“ಬಿಟ್ಟಿದ್ದೇನೆ ಅಣ್ಣಾ, ಅದೇ ಎಳೀತಿದೆ!”

ಆಗಲೇ ಒಂದು ಅಲೆ ಇಳಿಯಿತು. ಹಗ್ಗ ಒಂದು ಕ್ಷಣ ಸಡಿಲವಾದದ್ದೇ ಡ್ರಮ್ಮು ಗಬಕ್ಕನೆ ಅರ್ಧ ಸುತ್ತು ತಿರುಗಿತು. ಅಣ್ಣನ ಕೈಗವಸು ಹಗ್ಗದ ಸುತ್ತಿನಡಿ ಸಿಕ್ಕಿತು. ಅವರು ಕೈ ಕಿತ್ತುಕೊಂಡರು, ಗವಸಿನ ಎರಡು ಬೆರಳು ಅಲ್ಲೇ ಉಳಿದವು. ಮುಂದಿನ ಅಲೆಗೆ ಮೂತಿ ಏಳಲಿಲ್ಲ. ನೀರು ಒಳಗೆ ಬಂತು.

ವಿಂಚಿನ ವಿದ್ಯುತ್ತನ್ನು ಕಡಿಯುವ ಬೇರೆ ಸ್ವಿಚ್ ದೋಣಿಯಲ್ಲಿ ಇರಲಿಲ್ಲ. ಬ್ರೇಕರ್ ಇದ್ದದ್ದು ಹಿಂಭಾಗದ ಪೆಟ್ಟಿಗೆಯೊಳಗೆ, ಬಲೆ ಮತ್ತು ಐಸ್ ಡಬ್ಬದ ಅಡಿಯಲ್ಲಿ. ತಮ್ಮ ಅದನ್ನು ಹುಡುಕುತ್ತ ಕೂರಲಿಲ್ಲ. ಮೀನು ಕೊಯ್ಯುವ ಚೂರಿ ಹಿಡಿದು ಮುಂದಕ್ಕೆ ಓಡಿ ಹಗ್ಗ ಕತ್ತರಿಸಿದ. ಬಿಗಿದ ನೈಲಾನ್ ಚೂರಿ ತಾಗಿದ್ದೇ ತಡ ಸಿಡಿದುಹೋಯಿತು. ಮೂತಿ ಎದ್ದಿತು. ಕತ್ತರಿಸಿದ ಮೇಲೆ ಡ್ರಮ್ಮು ಮತ್ತೆ ತಿರುಗತೊಡಗಿತು. ಸುಟ್ಟ ವಾಸನೆ, ಹೊಗೆ. ಬ್ಯಾಟರಿಯ ತಂತಿಯನ್ನು ಕಿತ್ತ ಮೇಲೆಯೇ ಎಲ್ಲ ನಿಂತದ್ದು. ಸ್ವಿಚ್ ಒತ್ತಿದ ಗಳಿಗೆಯಿಂದ ಏಳೆಂಟು ನಿಮಿಷ ಕಳೆದಿರಬೇಕು ಎನ್ನುವುದು ಇಬ್ಬರ ಅಂದಾಜು.

ಈಗ ಲಂಗರಿಲ್ಲ, ಬ್ಯಾಟರಿಯಲ್ಲಿ ಎಂಜಿನ್ ತಿರುಗಿಸುವಷ್ಟು ಕಸುವಿಲ್ಲ, ಗಾಳಿ ದೋಣಿಯನ್ನು ಬಂಡೆಗಳತ್ತ ತಳ್ಳುತ್ತಿದೆ. ಎಂಜಿನ್ ಹಳೆಯ ಬಗೆಯದಾಗಿದ್ದರಿಂದ ತಲೆಯ ಮುಚ್ಚಳ ಬಿಚ್ಚಿ, ಚಕ್ರಕ್ಕೆ ಹಗ್ಗ ಸುತ್ತಿ ಎಳೆದು ಸ್ಟಾರ್ಟ್ ಮಾಡಬಹುದಿತ್ತು. ನಾಲ್ಕನೇ ಎಳೆತಕ್ಕೆ ಹತ್ತಿಕೊಂಡಿತು. ಕಿಡಿಗೂ ಇಂಧನಕ್ಕೂ ಬ್ಯಾಟರಿಯನ್ನೇ ನಂಬಿದ ಎಂಜಿನ್ ಆಗಿದ್ದರೆ ಏನಾಗುತ್ತಿತ್ತು ಎಂದು ನಾನು ಅವರನ್ನು ಕೇಳಲಿಲ್ಲ.

ಬಿಚ್ಚಿ ನೋಡಿದಾಗ

ಮೋಟಾರು ಪೂರ್ತಿ ಹೋಗಿತ್ತು. ಸುರುಳಿಯ ಮೇಲಿನ ವಾರ್ನಿಷ್ ಸುಟ್ಟು ಕಪ್ಪಾಗಿತ್ತು. ಕಮ್ಯುಟೇಟರಿನಲ್ಲಿ, ಅಂದರೆ ತಿರುಗುವ ಸುರುಳಿಗೆ ಕರೆಂಟು ತಲುಪಿಸುವ ತಾಮ್ರದ ಪಟ್ಟಿಗಳ ಉರುಳೆಯಲ್ಲಿ, ಕಾರ್ಬನ್ ಬ್ರಷ್‌ಗಳು ಕೂತಿದ್ದ ಪಟ್ಟಿಗಳು ಮಾತ್ರ ಉಳಿದವಕ್ಕಿಂತ ಹೆಚ್ಚು ಸುಟ್ಟಿದ್ದವು. ತಿರುಗದೆ ನಿಂತ ಮೋಟಾರಿನ ಗುರುತು ಅದು: ತಿರುಗುತ್ತಿದ್ದರೆ ಬಿಸಿ ಎಲ್ಲ ಪಟ್ಟಿಗಳಿಗೂ ಹಂಚಿಹೋಗುತ್ತದೆ, ನಿಂತರೆ ಕರೆಂಟಷ್ಟೂ ಅದೇ ಪಟ್ಟಿಗಳ ಮೂಲಕವೇ ಹರಿಯುತ್ತದೆ. ರಿಲೇ ತೆರೆದರೆ, ‘ಮೇಲಕ್ಕೆ’ ಬದಿಯ ಸಂಪರ್ಕಗಳು ಬೆಸುಗೆ ಹಾಕಿದಂತೆ ಒಂದಾಗಿದ್ದವು. ಸ್ವಿಚ್ ಬಿಟ್ಟರೂ ವಿಂಚು ಎಳೆಯುತ್ತಲೇ ಇದ್ದದ್ದು ಇದರಿಂದ.

150 ಆಂಪಿನ ಬ್ರೇಕರ್ ಮಾತ್ರ ಬೀಳದೆ ಹಾಗೇ ಇತ್ತು. ನನ್ನನ್ನು ಹೆಚ್ಚು ಕಾಡಿದ್ದು ಅದೇ. ಮೋಟಾರು ಸುಟ್ಟು ಹೋಗುವಷ್ಟು ಕರೆಂಟು ಹರಿದಿದೆ, ಬ್ರೇಕರಿಗೆ ಅದು ತಿಳಿದೇ ಇಲ್ಲ.

ಅದೇ ಬಗೆಯ ಇನ್ನೊಂದು ಮೋಟಾರು ಮತ್ತು ರಿಲೇ ಜೋಡಿಸಿ ಹಳೆಯ ತಂತಿಗಳ ಮೇಲೆಯೇ ಪರೀಕ್ಷೆ ಮಾಡಿದೆ. ಹಗ್ಗದ ತುದಿಯನ್ನು ದಕ್ಕೆಯ ಗೂಟಕ್ಕೆ ಕಟ್ಟಿ, ದೋಣಿಯನ್ನು ಹಿಂದಿನಿಂದ ಇನ್ನೊಂದು ಹಗ್ಗದಲ್ಲಿ ಹಿಡಿದು, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಎಳೆಸಿದೆ. ಕ್ಲಾಂಪ್ ಮೀಟರಿನಲ್ಲಿ 70 ಆಂಪ್ ಬಂದಾಗ ಬ್ಯಾಟರಿಯ ಮೇಲೆ 11.9 ವೋಲ್ಟ್, ವಿಂಚಿನ ಬಳಿ 9.6 ವೋಲ್ಟ್. ದಾರಿಯಲ್ಲೇ 2.3 ವೋಲ್ಟ್ ಸೋರಿಹೋಗುತ್ತಿತ್ತು.

ಇದರಲ್ಲಿ ಕೇಬಲಿನ ಪಾಲೆಷ್ಟು? ತಾಮ್ರದ ಲೆಕ್ಕ ಸರಳ. ಒಂದು ಚದರ ಮಿ.ಮೀ. ದಪ್ಪದ ತಂತಿಗೆ ಮೀಟರಿಗೆ 0.0172 ಓಮ್. 14 ಮೀಟರಿಗೆ ಗುಣಿಸಿ 16ರಿಂದ ಭಾಗಿಸಿದರೆ 0.015 ಓಮ್. 70 ಆಂಪಿಗೆ ಸುಮಾರು 1.05 ವೋಲ್ಟ್. ಹಾಗಾದರೆ ಉಳಿದ 1.25 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದೇ ಜೋಡಣೆಯ ಆಚೆ ಈಚೆ ಇಟ್ಟು, ವಿಂಚು ಎಳೆಯುತ್ತಿರುವಾಗಲೇ ಅಳೆದೆ. ಈ ಅಳತೆಯನ್ನು ವಿಂಚು ನಿಂತಿರುವಾಗ ಮಾಡಿದರೆ ಏನೂ ಕಾಣುವುದಿಲ್ಲ. ಕರೆಂಟು ಹರಿಯದಿದ್ದರೆ ಕೊಳೆತ ಜೋಡಣೆಯೂ 12 ವೋಲ್ಟನ್ನೇ ತೋರಿಸುತ್ತದೆ. ನಮ್ಮ ಕಸುಬಿನವರು ಹೆಚ್ಚು ಎಡವುವುದು ಇಲ್ಲಿಯೇ.

ಸಿಕ್ಕಿದ್ದು ಎರಡು ಜಾಗ. ಒಂದು, ಮೂತಿಯ ಮುಚ್ಚಳದ ಕೆಳಗೆ ರಿಲೇಗೆ ಬರುವ ಲಗ್, ಅಂದರೆ ಕೇಬಲಿನ ಕೊನೆಗೆ ಒತ್ತಿ ಕೂರಿಸುವ ಲೋಹದ ತುದಿ. ಅದನ್ನು ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ್ದರು, ಸರಿಯಾದ ಇಕ್ಕಳದಲ್ಲಿ ಒತ್ತಿರಲಿಲ್ಲ. ಒಳಗಿನ ಎಳೆಗಳು ಹಸಿರು ಪುಡಿಯಾಗಿದ್ದವು. ಇನ್ನೊಂದು, ಹೊಸ ಬ್ರೇಕರ್ ಹಾಕುವಾಗ ಕೇಬಲ್ ಗಿಡ್ಡವಾಯಿತೆಂದು ನಡುವೆ ಜೋಡಿಸಿದ್ದ ತುಂಡು, ಮೇಲೆ ಬರೀ ಟೇಪು. ಎರಡೂ ಸೇರಿ 0.018 ಓಮ್. ಕೇಳಲು ಏನೂ ಅಲ್ಲದ ಅಂಕಿ. ಆದರೆ 70 ಆಂಪ್ ಹರಿಯುವಾಗ ಅಷ್ಟು ಚಿಕ್ಕ ಜಾಗದಲ್ಲಿ ಸುಮಾರು 87 ವ್ಯಾಟ್ ಬಿಸಿ ಹುಟ್ಟುತ್ತದೆ.

ಇನ್ನು ಬ್ರೇಕರಿನ ಒಗಟು. ತಿರುಗುತ್ತಿರುವ ಮೋಟಾರು ತಾನೇ ಒಂದು ಡೈನಮೋ ಕೂಡ. ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ಹಿಡಿದಿಡುತ್ತದೆ. ನಿಂತರೆ ಆ ತಡೆ ಇಲ್ಲ. ಆಗ ಕರೆಂಟನ್ನು ಮಿತಿಯಲ್ಲಿಡುವುದು ದಾರಿಯಲ್ಲಿರುವ ಓಮ್‌ಗಳು ಮಾತ್ರ. ಈ ಮೋಟಾರಿನದು ಸುಮಾರು 0.04, ಕೇಬಲಿನದು 0.015, ಬ್ಯಾಟರಿಯ ಒಳಗಿನದು 0.008ರಷ್ಟು. ಜೋಡಣೆಗಳು ಚೆನ್ನಾಗಿದ್ದಿದ್ದರೆ 190 ಆಂಪಿನ ಮೇಲೆ ಹರಿದು 150ರ ಬ್ರೇಕರ್ ಕೂಡ ತಡವಾಗಿಯಾದರೂ ಬೀಳುತ್ತಿತ್ತೇನೋ. ಕೊಳೆತ ಜೋಡಣೆಗಳ 0.018 ಸೇರಿದಾಗ ಒಟ್ಟು 0.081 ಓಮ್, ಕರೆಂಟು 150ರ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಅಷ್ಟನ್ನು ಈ ಬ್ರೇಕರ್ ಎಷ್ಟು ಹೊತ್ತಾದರೂ ಬಿಟ್ಟುಕೊಡುತ್ತದೆ, ಅದು ಇರುವುದೇ ಹಾಗೆ. ಮೊದಲಿನ 80 ಆಂಪಿನದು ಇದ್ದಿದ್ದರೆ, ತನ್ನ ಮಿತಿಯ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟಿಗೆ ಮೋಟಾರು ಸುಡುವ ಮೊದಲೇ ಬೀಳುತ್ತಿತ್ತು.

ರಿಲೇ ಅಂಟಿಕೊಂಡದ್ದೂ ಇದೇ ಸರಪಳಿಯ ಒಂದು ಕೊಂಡಿ. ಮೋಟಾರು ನಿಂತಾಗ ವಿಂಚಿನ ಬಳಿ ವೋಲ್ಟೇಜು ಆರರ ಹತ್ತಿರಕ್ಕೆ ಕುಸಿದಿರಬೇಕು. ರಿಲೇಯ ಸುರುಳಿಗೂ ಅಲ್ಲಿಂದಲೇ ವಿದ್ಯುತ್ತು. ವೋಲ್ಟೇಜು ಸಾಲದೆ ಅದು ಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜು ಏರುತ್ತದೆ, ಮತ್ತೆ ಹಿಡಿಯುತ್ತದೆ. ತಮ್ಮ ಕೇಳಿದ ಟಕಟಕ ಸದ್ದು ಅದೇ. ಪ್ರತಿ ಬಡಿತಕ್ಕೂ ಕಿಡಿ, ಪ್ರತಿ ಕಿಡಿಗೂ ಒಂದಿಷ್ಟು ಲೋಹ ಕರಗುತ್ತದೆ. ಕೊನೆಗೆ ಅಂಟಿಕೊಳ್ಳುತ್ತದೆ.

ಬ್ರೇಕರ್ ಮೊದಲ ಸಲ ಬಿದ್ದಾಗಲೇ ಅದು ಏನನ್ನೋ ಹೇಳುತ್ತಿತ್ತು. ಅದನ್ನು ದೊಡ್ಡದು ಮಾಡಿದವರ ಮೇಲೆ ನನಗೆ ಕೋಪವಿದೆ, ಮುಚ್ಚಿಡುವುದಿಲ್ಲ. ಆದರೆ ತಪ್ಪು ಅಲ್ಲಿಂದ ಶುರುವಾದದ್ದಲ್ಲ.

ಎತ್ತುವುದು ಬೇರೆ, ಎಳೆಯುವುದು ಬೇರೆ

ಅಣ್ಣನ ಮುಂದೆ ಕೂತು ಒಂದು ಲೆಕ್ಕ ಹಾಕಿದೆ. 6 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 0.8 ಕಿಲೋ, 8 ಮೀಟರಿಗೆ 6.4. ಲಂಗರು 6.5. ಒಟ್ಟು 13 ಕಿಲೋ ಇಟ್ಟುಕೊಳ್ಳಿ. ಕಡಲ ನೀರಿನಲ್ಲಿ ಉಕ್ಕು ತನ್ನ ತೂಕದ ಎಂಟರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ, ಹನ್ನೊಂದೂಕಾಲು ಕಿಲೋ ಉಳಿಯುತ್ತದೆ. ಇದನ್ನು ಸೆಕೆಂಡಿಗೆ 40 ಸೆಂ.ಮೀ. ವೇಗದಲ್ಲಿ ಎತ್ತಲು ಬೇಕಾದದ್ದು 45 ವ್ಯಾಟ್. ಗೇರು, ರೋಲರುಗಳ ಉಜ್ಜಾಟಕ್ಕೆ ಮೂರು ನಾಲ್ಕು ಪಟ್ಟು ಬಿಟ್ಟುಕೊಟ್ಟರೂ 800 ವ್ಯಾಟಿನ ಮೋಟಾರಿಗೆ ಅದು ಹಗುರದ ಕೆಲಸ.

“ಹಾಗಾದ್ರೆ ಉಳಿದ ಶಕ್ತಿ ಎಲ್ಲಿಗೆ ಹೋಯ್ತು?” ಎಂದು ಅವರೇ ಕೇಳಿದರು.

ದೋಣಿ ಎಳೆಯುವುದಕ್ಕೆ ಹೋಯಿತು. ಸೆಕೆಂಡಿಗೆ 10 ಮೀಟರ್ ಗಾಳಿ, ಎದುರಿಗೆ ಎರಡೂವರೆ ಚದರ ಮೀಟರ್ ದೋಣಿ ಎಂದರೆ ಬರೀ ಗಾಳಿಯ ಒತ್ತಡವೇ 15 ಕಿಲೋ. ದೋಣಿ ಅಡ್ಡ ತಿರುಗಿದರೆ ಅದರ ಎರಡು ಮೂರು ಪಟ್ಟು. ಸೆಳೆತವಿದ್ದರೆ ಅದು ಬೇರೆ. ಇಷ್ಟಕ್ಕೇ ನಿಂತಿದ್ದರೂ ವಿಂಚು ಹೇಗೋ ತಾಳುತ್ತಿತ್ತು. ಆದರೆ ಲಂಗರು ಕಚ್ಚಿ, ಹಗ್ಗ ನೆಟ್ಟಗೆ ನಿಂತು, ಅಲೆ ಮೂತಿಯನ್ನು ಎತ್ತಲು ಬಂದಾಗಿನ ಬಲವೇ ಬೇರೆ ಜಾತಿಯದು. ಮೂತಿಯ ಕಡೆ 2 ಚದರ ಮೀಟರಿನಷ್ಟು ಭಾಗ 10 ಸೆಂ.ಮೀ. ಹೆಚ್ಚು ಮುಳುಗಿದರೆ ನೀರು ಅದನ್ನು 200 ಕಿಲೋ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಅದಷ್ಟೂ 8 ಮಿ.ಮೀ. ಹಗ್ಗದ ಮೇಲೆ, ಅಲ್ಲಿಂದ ಡ್ರಮ್ಮಿನ ಷ್ಯಾಫ್ಟಿನ ಮೇಲೆ, ಗೇರಿನ ಹಲ್ಲುಗಳ ಮೇಲೆ. ಪ್ರತಿ ಅಲೆಗೂ.

ಇದರ ಇನ್ನೊಂದು ಪರಿಣಾಮ ಡ್ರಮ್ಮಿನಲ್ಲೇ ಕಾಣುತ್ತಿತ್ತು. ನೈಲಾನು ಎಳೆದರೆ ಹಿಗ್ಗುತ್ತದೆ. ಲಂಗರಿನಲ್ಲಿ ನಿಂತಿರುವಾಗ ಅದು ಒಳ್ಳೆಯ ಗುಣ, ಅಲೆಯ ಹೊಡೆತವನ್ನು ನುಂಗುತ್ತದೆ. ಹಿಗ್ಗಿದ ಹಗ್ಗವನ್ನು ಹಾಗೆಯೇ ಡ್ರಮ್ಮಿಗೆ ಸುತ್ತಿದರೆ ಮಾತ್ರ ಅದು ಕುಗ್ಗಲು ನೋಡುತ್ತ ಒಳಗಿನ ಸುತ್ತುಗಳನ್ನು ಹಿಂಡುತ್ತದೆ, ಅವುಗಳ ನಡುವೆ ಇಳಿದು ಕಚ್ಚಿಕೊಳ್ಳುತ್ತದೆ, ಡ್ರಮ್ಮಿನ ಎರಡು ಕೆನ್ನೆಗಳನ್ನು, ಅಂದರೆ ಪಕ್ಕದ ತಟ್ಟೆಗಳನ್ನು, ಹೊರಕ್ಕೆ ದೂಡುತ್ತದೆ. ಇವರ ಡ್ರಮ್ಮಿನ ಒಂದು ಕೆನ್ನೆ ಕಣ್ಣಿಗೆ ಕಾಣುವಷ್ಟು ಬಾಗಿತ್ತು. ಲಂಗರು ಬಿಡುವಾಗ ಹಗ್ಗ ನಡುವೆ ಸಿಕ್ಕಿ ನಿಲ್ಲುತ್ತಿತ್ತು ಎಂದು ಅವರು ಹೇಳಿದ್ದಕ್ಕೂ ಕಾರಣ ಅದೇ.

ಬ್ಯಾಟರಿ ಸೊರಗಿದ್ದೂ ಈ ಲೆಕ್ಕದಲ್ಲೇ ಇದೆ. 60 ಮೀಟರ್ ಹಗ್ಗ ಎಳೆಯಲು ಎರಡೂವರೆ ನಿಮಿಷ. 70 ಆಂಪಿನಂತೆ ಒಂದು ಸಲಕ್ಕೆ ಸುಮಾರು 3 ಆಂಪ್-ಗಂಟೆ. ಗಾಳಿಯ ದಿನ ಎಂಟು ಸಲಕ್ಕೆ 23. ಇಂಥ ಚಿಕ್ಕ ಎಂಜಿನಿನ ಚಾರ್ಜಿಂಗ್ ಸುರುಳಿ ಕೊಡುವುದು ಚೆನ್ನಾಗಿ ಓಡಿದಾಗ ಆರು ಆಂಪಿನಷ್ಟು. ದಿನಕ್ಕೆ ಒಂದೂವರೆ ಗಂಟೆ ಓಡಿದರೆ 9. ಎಂಜಿನ್ ಓಡುತ್ತಿದ್ದರೆ ವಿಂಚಿಗೆ ಕರೆಂಟು ಸಿಗುತ್ತದೆ ಎಂದು ಹಲವರು ನಂಬಿದ್ದಾರೆ. ದೊಡ್ಡ ಎಂಜಿನುಗಳಲ್ಲಿ ಅದು ಒಂದಿಷ್ಟು ನಿಜ. ಇಂಥ ದೋಣಿಯಲ್ಲಿ ವಿಂಚು ತಿನ್ನುವುದೆಲ್ಲ ಬ್ಯಾಟರಿಯಿಂದಲೇ. ಎಂಜಿನ್ ಬೇಕಾದದ್ದು ಕರೆಂಟಿಗಲ್ಲ, ದೋಣಿಯನ್ನು ಮುಂದಕ್ಕೆ ಒಯ್ಯಲು.

ಏನು ಬದಲಾಯಿಸಿದೆವು

ವಿದ್ಯುತ್ತಿನ ಕೆಲಸ ಎರಡು ದಿನದ್ದು. ತವರ ಲೇಪಿಸಿದ ತಾಮ್ರದ 35 ಚದರ ಮಿ.ಮೀ. ಕೇಬಲ್, ನಡುವೆ ಎಲ್ಲೂ ತುಂಡಿಲ್ಲ. ಲಗ್‌ಗಳನ್ನು ಸರಿಯಾದ ಇಕ್ಕಳದಲ್ಲಿ ಒತ್ತಿ, ಅಂಟುಳ್ಳ, ಬಿಸಿ ಮಾಡಿದರೆ ಕುಗ್ಗುವ ಕೊಳವೆಯಿಂದ ಮುಚ್ಚಿದೆ. 70 ಆಂಪಿಗೆ ಕೇಬಲಿನ ನಷ್ಟ ಅರ್ಧ ವೋಲ್ಟಿಗೆ ಇಳಿಯಿತು. ಬ್ರೇಕರ್ ಮತ್ತೆ 80 ಆಂಪಿನದೇ, ಬ್ಯಾಟರಿಗೆ ಆದಷ್ಟು ಹತ್ತಿರ. ಜೊತೆಗೆ ಚುಕ್ಕಾಣಿ ಹಿಡಿದವರ ಕೈಗೆಟಕುವಂತೆ ತಿರುಗಿಸುವ ಕೆಂಪು ಸ್ವಿಚ್ಚೊಂದು, ವಿಂಚಿಗಾಗಿ ಮಾತ್ರ. ಲಂಗರು ಎತ್ತುವಾಗಲಷ್ಟೇ ಅದು ಆನ್. ವಿಂಚಿಗೆ ಬೇರೆ ಬ್ಯಾಟರಿ ಕೊಟ್ಟೆ. ಸ್ಟಾರ್ಟಿನ ಬ್ಯಾಟರಿ ಮೊದಲು ತುಂಬಿ ಆಮೇಲೆ ಇದಕ್ಕೆ ಕರೆಂಟು ಹೋಗುವಂತೆ ನಡುವೆ ಒಂದು ರಿಲೇ. ರಾತ್ರಿ ದಡದಲ್ಲಿ ಚಾರ್ಜರ್. ಏನೇ ಆದರೂ ಎಂಜಿನ್ ಸ್ಟಾರ್ಟಾಗಬೇಕು, ಈ ಒಂದು ಮಾತಿನಲ್ಲಿ ನಾನು ರಾಜಿಯಾಗುವವನಲ್ಲ.

ಡ್ರಮ್ಮನ್ನು ರೋಲರಿಗೆ ನೇರವಾಗಿ, ಇನ್ನಷ್ಟು ಹಿಂದಕ್ಕೆ ಸರಿಸಿದೆವು. ದೂರ ಹೆಚ್ಚಿದಷ್ಟೂ ಹಗ್ಗ ತಾನಾಗಿ ಹರಡಿಕೊಳ್ಳುತ್ತದೆ. ಆದರೂ ಸ್ವಲ್ಪ ಗುಡ್ಡೆಯಾಗುತ್ತದೆ. ಆಗ ವಿಂಚು ನಿಲ್ಲಿಸಿ ಮರದ ಕೋಲಿನಿಂದ ಸರಿಸಬೇಕು. ತಿರುಗುವ ಡ್ರಮ್ಮಿಗೆ ಕೈ ಕೂಡದು, ಗವಸು ತೊಟ್ಟ ಕೈಯಂತೂ ಬೇಡವೇ ಬೇಡ. ಬರಿಗೈ ಜಾರಿಯಾದರೂ ಹೋಗಬಹುದು, ಗವಸು ಸಿಕ್ಕಿದರೆ ಕೈಯನ್ನೂ ಒಯ್ಯುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆಗೆ ವಿದ್ಯುತ್ತಿನ ಸಂಬಂಧವೇ ಇಲ್ಲ. ಮೂತಿಯಲ್ಲಿ ಒಂದು ಗಟ್ಟಿ ಗೂಟ ನಿಲ್ಲಿಸಿದೆವು, ಅಟ್ಟದ ಕೆಳಗೆ ದಪ್ಪ ತಗಡು ಕೊಟ್ಟು ಬೋಲ್ಟು ಹಾಕಿ. ಲಂಗರು ಬಿಟ್ಟ ಮೇಲೆ ಹಗ್ಗದ ಭಾರ ಗೂಟಕ್ಕೆ, ವಿಂಚಿನ ಕಡೆಯ ಹಗ್ಗ ಸಡಿಲ. ಮೊದಲು ಅವರು ಹೀಗೆ ಕಟ್ಟುತ್ತಿರಲಿಲ್ಲ, ಬಿಚ್ಚುವುದು ರೇಜಿಗೆ ಎಂದು. ದಿನವಿಡೀ ಅಲೆಯ ಜಗ್ಗಾಟವೆಲ್ಲ ಗೇರಿನ ಹಲ್ಲುಗಳಿಗೆ ಬೀಳುತ್ತಿತ್ತು. ಈಗ ಒಂದು ಗಿಡ್ಡ ಹಗ್ಗದ ತುದಿಯನ್ನು ಲಂಗರಿನ ಹಗ್ಗಕ್ಕೆ ಉರುಳುಗಂಟಿನಲ್ಲಿ (ರೋಲಿಂಗ್ ಹಿಚ್, ಎಳೆದಾಗ ಹಗ್ಗದ ಮೇಲೆ ಜಾರದೆ ಕಚ್ಚುವ ಗಂಟು) ಹಾಕಿ ಗೂಟಕ್ಕೆ ಸುತ್ತುತ್ತಾರೆ. ಕಟ್ಟಲು ಅರ್ಧ ನಿಮಿಷ, ಬಿಚ್ಚಲು ಅದಕ್ಕಿಂತ ಕಡಿಮೆ.

ಎತ್ತುವ ಕ್ರಮವೂ ಬದಲಾಯಿತು. ಮೊದಲು ಎಂಜಿನ್ ಸ್ಟಾರ್ಟ್. ಲಂಗರಿನ ದಿಕ್ಕಿಗೆ ನಿಧಾನವಾಗಿ ದೋಣಿ ಹೋಗಬೇಕು. ಸಡಿಲವಾದ ಹಗ್ಗವನ್ನು ಮಾತ್ರ ವಿಂಚು ಸುತ್ತಿಕೊಳ್ಳಬೇಕು. ಹಗ್ಗ ಬಿಗಿಯಾಗುತ್ತಿದೆ ಅನ್ನಿಸಿದರೆ ವಿಂಚು ನಿಲ್ಲಬೇಕು, ದೋಣಿ ಮುಂದೆ ಬರಬೇಕು. ಹಗ್ಗ ದೋಣಿಯ ಅಡಿಗೆ ಹೋಗಿ ಎಂಜಿನಿನ ರೆಕ್ಕೆಗೆ ಸಿಕ್ಕದಂತೆ ಮುಂದೆ ಇರುವವರು ಕೈಸನ್ನೆ ಮಾಡುತ್ತಿರಬೇಕು. ನೇರ ಮೇಲೆ ಬಂದಾಗ ಲಂಗರು ಬಂದರೆ ಸರಿ. ಬರದಿದ್ದರೆ ಹಗ್ಗವನ್ನು ಗೂಟಕ್ಕೆ ಸುತ್ತಿ, ವಿಂಚನ್ನು ಆಫ್ ಮಾಡಿ, ಎಂಜಿನಿನಿಂದ ಮೆಲ್ಲಗೆ ಮುಂದಕ್ಕೆ ಎಳೆದು ಬಿಡಿಸಬೇಕು. ಅದೂ ಮೂತಿಯ ಗೂಟದಿಂದಲೇ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2009ರ ಫೆಬ್ರುವರಿ ಕೊನೆಯ ದಿನ ಅಮೆರಿಕದ ಫ್ಲೋರಿಡಾದ ಕಡಲಲ್ಲಿ ನಾಲ್ವರು ಗೆಳೆಯರು ಮೀನು ಹಿಡಿಯಲು ಹೋಗಿದ್ದರು. ದೋಣಿ 21 ಅಡಿಯದು, ಹೆಚ್ಚುಕಡಿಮೆ ಈ ದೋಣಿಯಷ್ಟೇ. ಲಂಗರು ಕಚ್ಚಿಕೊಂಡಿತು. ಹಗ್ಗವನ್ನು ದೋಣಿಯ ಹಿಂಭಾಗಕ್ಕೆ ಕಟ್ಟಿ ಎಂಜಿನ್ ಜೋರಾಗಿ ಕೊಟ್ಟರು. ಹಿಂಭಾಗ ಕೆಳಕ್ಕೆ ಜಗ್ಗಿ, ನೀರು ನುಗ್ಗಿ ದೋಣಿ ಮಗುಚಿತು. ಮೂವರು ತೀರಿಕೊಂಡರು. ಮಗುಚಿದ ದೋಣಿಯನ್ನು ಹಿಡಿದು ಉಳಿದ ಒಬ್ಬರು ಸಿಕ್ಕಿದ್ದು ಮಾರ್ಚ್ 2ರಂದು. ಹಿಂಭಾಗ ತಗ್ಗಿರುತ್ತದೆ, ಎಂಜಿನಿನ ಭಾರವೂ ಅಲ್ಲೇ ಇರುತ್ತದೆ. ಲಂಗರಿನ ಹಗ್ಗ ಅಲ್ಲಿಗೆ ಎಂದೂ ಹೋಗಬಾರದು. ತಮ್ಮನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಎರಡು ಸಲ ಹಾಗೆ ಕಟ್ಟಿ ಎಳೆದದ್ದುಂಟು ಎಂದ.

ಬಂಡೆಯ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಉಪಾಯವಿದೆ. ಸರಪಳಿಯನ್ನು ಲಂಗರಿನ ದಂಡದ ತುದಿಗೆ ಕಟ್ಟುವ ಬದಲು ಅದರ ಬುಡಕ್ಕೆ, ಅಂದರೆ ಕೊಕ್ಕೆಗಳು ಸೇರುವ ಕಡೆ ಕೊಂಡಿ ಹಾಕಬೇಕು. ಅಲ್ಲಿಂದ ಸರಪಳಿಯನ್ನು ದಂಡದುದ್ದಕ್ಕೂ ತಂದು, ದಂಡದ ತುದಿಗೆ ತೆಳು ದಾರದಿಂದ ಬಿಗಿಯಬೇಕು. ಸಾಧಾರಣ ಎಳೆತಕ್ಕೆ ದಾರ ತಾಳುತ್ತದೆ, ಲಂಗರು ಎಂದಿನಂತೆ ಹಿಡಿಯುತ್ತದೆ. ಕಚ್ಚಿಕೊಂಡಾಗ ಗೂಟದಿಂದ ಜೋರಾಗಿ ಎಳೆದರೆ ದಾರ ಹರಿಯುತ್ತದೆ, ಎಳೆತ ಬುಡಕ್ಕೆ ಹೋಗುತ್ತದೆ, ಲಂಗರು ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ದಾರ ಎಷ್ಟು ಗಟ್ಟಿಯಿರಬೇಕು ಎನ್ನುವುದನ್ನು ಆಯಾ ದೋಣಿಯವರೇ ಕಟ್ಟಿ, ಹರಿದು ನೋಡಿಕೊಳ್ಳಬೇಕು. ಕೆಟ್ಟ ಗಾಳಿಯಲ್ಲಿ ರಾತ್ರಿ ಉಳಿಯುವವರಿಗೆ ಈ ಉಪಾಯ ಬೇಡ. ಮಲಗಿರುವಾಗ ದಾರ ಹರಿದರೆ ಲಂಗರು ಜಾರಿಬಿಡುತ್ತದೆ.

ಮೂತಿಯ ಮುಚ್ಚಳದ ಒಳಬದಿಗೆ ಹಲ್ಲಿನ ಅಲಗಿರುವ ಒಂದು ಚೂರಿಯನ್ನೂ ಸಿಕ್ಕಿಸಿದ್ದೇವೆ. ಅದು ಮೀನಿಗಲ್ಲ.

ಆಮೇಲೆ

ಹೊಸ ಜೋಡಣೆಯ ಮೊದಲ ದಿನ ಅವರ ಜೊತೆ ನಾನೂ ಹೋಗಿದ್ದೆ. ಅದೇ ಎಂಟು ಮಾರು ನೀರು. ಎಂಜಿನ್ ಮೆಲ್ಲಗೆ ಮುಂದೆ, ಹಗ್ಗ ಸಡಿಲ. ಮೀಟರಿನಲ್ಲಿ 18 ಆಂಪ್. ಕೊನೆಗೆ ಸರಪಳಿ, ಲಂಗರು ನೇತಾಡುತ್ತ ಮೇಲೆ ಬರುವಾಗ 32. ಬ್ಯಾಟರಿಯ ಮೇಲೆ 12.4 ವೋಲ್ಟ್, ವಿಂಚಿನ ಬಳಿ 12.1. ಮೋಟಾರಿನ ಮೈ ಮುಟ್ಟಿದರೆ ಬೆಚ್ಚಗೂ ಆಗಿರಲಿಲ್ಲ. ಅಣ್ಣ ಚುಕ್ಕಾಣಿಯಲ್ಲಿದ್ದರು, ತಮ್ಮ ಮೂತಿಯಲ್ಲಿ. ಜಾಗ ಬದಲಿಸಿದ್ದು ಅವರದೇ ತೀರ್ಮಾನ. ಭುಜನೋವಿನವರು ಮುಂದೆ ಕೂರಬೇಕಾದ ಅಗತ್ಯ ಈಗ ಇಲ್ಲ.

ಅದಾಗಿ ನಾಲ್ಕು ತಿಂಗಳಿಗೆ ಕಡಲಿನಿಂದಲೇ ಒಂದು ಫೋನ್ ಬಂತು. ಅಣ್ಣನ ದನಿ.

“ಬ್ರೇಕರ್ ಬಿತ್ತು ಮಾರಾಯ್ರೇ.”

“ಹಗ್ಗ ಎಲ್ಲಿದೆ?”

“ಗೂಟದಲ್ಲಿದೆ. ಬಿದ್ದ ಕೂಡ್ಲೇ ಇವನು ಸುತ್ತಿದ. ಕೆಂಪು ಸ್ವಿಚ್ ಆಫ್.”

“ಎಂಜಿನ್?”

“ಓಡ್ತಾ ಇದೆ.”

ಹಾಗಿದ್ದರೆ ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಅವರು ಫೋನ್ ಕಿವಿಯಲ್ಲೇ ಇಟ್ಟುಕೊಂಡು ಎಂಜಿನ್ ಕೊಟ್ಟರು. ಅದರ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ತಮ್ಮ ಮುಂದಿನಿಂದ ಏನೋ ಕೂಗಿದ. ದಾರ ಹರಿದಿತ್ತು, ಲಂಗರು ಬಿಟ್ಟುಕೊಂಡಿತ್ತು. ಬ್ರೇಕರ್ ಎತ್ತಿ ಹಾಕಿದ ಮೇಲೆ ವಿಂಚು ಅದನ್ನು ಮೇಲೆ ತಂತು. ಹೊಸ ದಾರ ಬಿಗಿದು ಮುಂದಿನ ಜಾಗಕ್ಕೆ ಹೋದರಂತೆ.